ರಸ್ತೆ ಬಗ್ಗಿಸಿದ ಗುರುಮಲ್ಲಪ್ಪನವರು

ಈ ವಾರ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸುತ್ತಿದ್ದೇನೆ. ಟರ್ಪೆಂಟೈನಿನ ವಾಸನೆಗೆ ತಲೆನೋವು ಬಂತೆಂದು ಮನೆಯವರೆಲ್ಲ ಜಗುಲಿಗೆ ಹೋಗಿ ಕೂತಿದ್ದಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದರೆ ಒಬ್ಬ ರಾಜಕಾರಣಿ ನೆನಪಾಗುತ್ತಾರೆ. ಅವರನ್ನು ನಾನು ಕಂಡವನಲ್ಲ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಆದರೂ ಅವರ ಜೀವನಚರಿತ್ರೆ ಬರೆದ ಏಕೈಕ ವ್ಯಕ್ತಿ ನಾನು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಹಾಗಿಲ್ಲ, ಯಾಕೆಂದು ಹೇಳುತ್ತೇನೆ ಕೇಳಿ.

ನಾನಾಗ ಕೊಳ್ಳೇಗಾಲದಲ್ಲಿ ಚರಿತ್ರೆಯ ಮೇಷ್ಟ್ರು. ನಮ್ಮ ತಾಲೂಕು ಮದರಾಸು ರಾಜ್ಯ ಬಿಟ್ಟು ಮೈಸೂರು ಸೇರಿ ನಾಲ್ಕೈದು ವರ್ಷವಾಗಿತ್ತು. ಕೂತ ಜಾಗದಿಂದ ಏಳದೆ ರಾಜ್ಯ ಬದಲಾಯಿಸಿದ ಜನ ನಾವು. ಹೊಸ ರಾಜ್ಯದವರಿಗೆ ನಮ್ಮಲ್ಲೂ ದೊಡ್ಡವರಿದ್ದರು ಎಂದು ತೋರಿಸುವ ಆತುರ ಊರಿನ ಹಿರಿಯರಿಗೆಲ್ಲ ಬಂದಿತ್ತು. ಆಗತಾನೆ ಕಟ್ಟಿದ ವಾಚನಾಲಯದ ಗೋಡೆಗೆ ಒಂದು ಭಾವಚಿತ್ರ ಬೇಕೆಂದು ಹುಡುಕಿದಾಗ ಸಿಕ್ಕಿದವರು ಧನಗೆರೆಯ ಗುರುಮಲ್ಲಪ್ಪನವರು. ಬಿಳಿಯರ ಕಾಲದಲ್ಲಿ ತಾಲೂಕು ಬೋರ್ಡಿನ ಮೆಂಬರಾಗಿದ್ದವರು. ದೊರೆಗಳ ಎದುರು ಕುರ್ಚಿಯ ಮೇಲೆ ಕೂತವರು. ಚಿತ್ರದ ಜೊತೆಗೆ ಓದಲು ಅವರ ಜೀವನಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಒಂದೇ ತೊಂದರೆ. ಅವರ ಹೆಸರು ಎತ್ತಿದರೆ ಜನರಿಗೆ ನೆನಪಾಗುತ್ತಿದ್ದದ್ದು ರಸ್ತೆ. ಅವರು ಹಾಕಿಸಿದ ರಸ್ತೆ ಧನಗೆರೆ ಕಡೆಯಿಂದ ನೆಟ್ಟಗೆ ಬಂದು, ಇನ್ನೇನು ನೇಕಾರರ ಬೀದಿ ಸಿಕ್ಕಿತು ಅನ್ನುವಾಗ ಏನೋ ಕಂಡು ಬೆದರಿದ ಎತ್ತಿನ ಹಾಗೆ ಬಲಕ್ಕೆ ತಿರುಗಿ, ಬಯಲೆಲ್ಲ ಸುತ್ತಿ ಊರು ಸೇರುತ್ತಿತ್ತು. ಅಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಕಡೆಗೆ ಒಂದು ದೊಡ್ಡ ಬಂಡೆಯೂ ಇಲ್ಲ.

ಗುರುಮಲ್ಲಪ್ಪನವರಿಗೆ ಇಬ್ಬರು ಹೆಂಡಿರು. ಹಿರಿಯ ಹೆಂಡತಿಯ ವಂಶ ಮೇಲಿನ ಮನೆ, ಕಿರಿಯಳದು ಕೆಳಗಿನ ಮನೆ. ಬಡವರ ಗುಡಿಸಲು ಉಳಿಸಲು ರಸ್ತೆ ಬಗ್ಗಿಸಿದರು ಎಂದು ಮೇಲಿನ ಮನೆಯವರು. ಹಿರಿಯ ಹೆಂಡತಿಯ ತವರಿನ ಹೊಲ ಉಳಿಸಲು ಬಗ್ಗಿಸಿದರು ಎಂದು ಕೆಳಗಿನ ಮನೆಯವರು. ಈ ತಿರುವಿನ ದೆಸೆಯಿಂದ ಮೂರು ತಲೆಮಾರು ಮಾತು ಬಿಟ್ಟಿತ್ತು. ಮದುವೆಗೆ ಕರೆಯುವುದಿರಲಿ, ಸಾವಿಗೂ ಹೋಗುತ್ತಿರಲಿಲ್ಲ. ಆದರೆ ಭಾವಚಿತ್ರ ಎಂದ ಕೂಡಲೇ ಎರಡೂ ಮನೆಯವರು ಓಡಿಬಂದರು.

ಅವರ ಪಟ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಬಸ್ಸುಗಳಿಗೆ ಬೋರ್ಡು ಬರೆಯುತ್ತಿದ್ದ ಆರ್ಮುಗಂ ಎಂಬುವರನ್ನು ಹನೂರಿನಿಂದ ಕರೆಸಿ, ನಮ್ಮ ಸ್ಕೂಲಿನ ಒಂದು ಕೋಣೆ ಕೊಟ್ಟೆವು. ಮೇಲಿನ ಮನೆಯ ಹಿರಿಯ ಮಾದಪ್ಪನವರು ತಮ್ಮ ಮೂಗು ಮುಂದೆ ಚಾಚಿ ಕೂತರು.

"ಇದು ತಾತನ ಮೂಗೇ ಕಣಪ್ಪ. ಇದ ನೋಡ್ಕಂಡು ಬರಿ."

ಕೆಳಗಿನ ಮನೆಯ ಬಸವಣ್ಣನವರು ಪಕ್ಕದ ಬೆಂಚಿನಿಂದ, ನನಗೆ ಹೇಳುವ ಹಾಗೆ, "ಮೇಷ್ಟ್ರೇ, ಮೀಸೆ ಬ್ಯಾಡ ಅನ್ನಿ ಅವ್ರಿಗೆ. ತಾತ ಮೀಸೆ ಬುಡ್ತಿರ್ನಿಲ್ಲ. ಕಿವಿ ಬೇಕಾರೆ ನಂದ ನೋಡ್ಲಿ" ಅಂದರು.

ಒಬ್ಬರಿಗೊಬ್ಬರು ಮಾತಾಡದಿದ್ದರಿಂದ ಒಂದು ಮೀಸೆಯ ವಿಚಾರ ನನ್ನ ಮೂಲಕ ಹತ್ತು ಸಲ ಆಚೆಯಿಂದ ಈಚೆಗೆ ಓಡಾಡಿತು. ಕೊನೆಗೆ ಅರ್ಧ ಇಂಚಿನ ಮೀಸೆಗೆ ಒಪ್ಪಂದವಾಯಿತು. ನಾಲ್ಕನೆಯ ದಿನ ಆರ್ಮುಗಂ ಟರ್ಪೆಂಟೈನಿನಲ್ಲಿ ಕುಂಚ ಒರೆಸುತ್ತಾ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನನ್ನ ಕಿವಿಯಲ್ಲಿ ಹೇಳಿದರು: "ಸಾ, ಮೂಗು ಮೇಲಿನ ಮನೇದು, ಕಿವಿ ಕೆಳಗಿನ ಮನೇದು. ಮಿಕ್ಕಿದ್ದು ಕಡವುಳ್ ಮೇಲೆ ಭಾರ ಆಕಿವ್ನಿ." ಚಿತ್ರದಲ್ಲಿದ್ದ ಮನುಷ್ಯ ಯಾರ ಹಾಗೂ ಇರಲಿಲ್ಲ, ಬಸ್ಸು ತಪ್ಪಿಸಿಕೊಂಡು ನಿಂತವನ ಹಾಗಿದ್ದ.

ಆ ಮಧ್ಯಾಹ್ನವೇ ಒಬ್ಬ ಅಜ್ಜಿ ಕೋಣೆಯ ಬಾಗಿಲಿಗೆ ಬಂದು ನಿಂತರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು.

"ಯಾರಮ್ಮ, ಏನ್ ಬೇಕು?" ಎಂದರು ಮಾದಪ್ಪನವರು.

"ತಾತನ ಚಿತ್ರ ಬರೀತಾವ್ರೆ ಅಂದ್ರು. ನೋಡವ ಅಂತ ಬಂದೆ."

"ಯಾರ ತಾತ?"

"ನಮ್ ತಾತನೇ ಕಣಪ್ಪ. ಗುರುಮಲ್ಲಪ್ಪನ ಮಗಳ ಮಗಳು ನಾನು. ಸಿದ್ದಮ್ಮ ಅಂತವ. ನೇಕಾರ್ ಬೀದಿ."

ಮಾದಪ್ಪನವರೂ ಬಸವಣ್ಣನವರೂ ಮೂರು ತಲೆಮಾರಿನಲ್ಲಿ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಗಳ ವಿಷಯ ಎರಡೂ ಮನೆಗೆ ಗೊತ್ತಿತ್ತು. ಹೇಳದಿರುವುದರಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು. ಮಗಳು ಜಾತಿ ಬಿಟ್ಟು ರೇಷ್ಮೆ ನೇಯುವವನೊಬ್ಬನ ಕೈಹಿಡಿದು ಮನೆ ಬಿಟ್ಟಿದ್ದಳು.

ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿದೆ. ಸಿದ್ದಮ್ಮನವರು ಸಾವಧಾನವಾಗಿ ಹೇಳಿದರು: "ಬೀದಿ ತುದೀಲಿ ನಮ್ಮನೆ. ರಸ್ತೆ ನೆಟ್ಟಗೆ ಬಂದಿದ್ರೆ ನಮ್ ಬಾಗ್ಲ ಮುಂದ್ಲೇ ಓಗ್ಬೇಕಾಗಿತ್ತು. ಮಗಳ ಮನೆ ಕಣ್ಣಿಗೆ ಬೀಳ್ಬಾರ್ದು ಅಂತ ತಾತ ಅಂಗೆ ಬಗ್ಗುಸ್ಬುಟ್ಟ."

ಗುಡಿಸಲೂ ಇಲ್ಲ, ಹೊಲವೂ ಇಲ್ಲ. ಆರ್ಮುಗಂ ಚಿತ್ರವನ್ನು ಅಜ್ಜಿಯ ಕಡೆ ತಿರುಗಿಸಿ ಕೆಲಸದ ಮಾತಾಡಿದರು: "ಪಾಟಿ, ಮುಖ ಸರಿಯಾಗದಾ ನೋಡಿ."

"ಮುಖ ನಾ ಕಾಣೆ ಕಣಪ್ಪ. ಒಂದೇ ಸಲ ನೋಡಿದ್ದು, ಏಳೆಂಟು ವರ್ಸದವ್ಳು. ಆ ತಿರುವ್ನಲ್ಲಿ ಕುದುರೆ ನಿಲ್ಲುಸ್ಕಂಡು ನಮ್ಮನೆ ಕಡೀಕೇ ನೋಡ್ತಾ ನಿಂತಿದ್ದ. ಭಾಳ ದೂರ. ನಮ್ಮವ್ವ ಬಾಗ್ಲಲ್ಲಿ ನಿಂತ್ಲು. ಇಬ್ರೂ ಅಂಗೇ ಒಸಿ ಒತ್ತು ನಿಂತಿದ್ರು. ಆಮೇಲೆ ಒಂಟೋದ." ಸ್ವಲ್ಪ ಯೋಚಿಸಿ ಸೇರಿಸಿದರು: "ಕುದುರೆ ಬರುದ್ರೆ ಗುರ್ತು ಏಳ್ತೀನಿ. ಬಿಳೀದು, ಒಂದ್ ಕಿವಿ ಅರ್ದೋಗಿತ್ತು."

ಅವರು ಹೋದ ಮೇಲೆ ಮಾದಪ್ಪನವರು, "ಮೇಷ್ಟ್ರೇ, ಅದ ಬರೀಬ್ಯಾಡಿ" ಅಂದರು. "ಬರೀಬ್ಯಾಡಿ" ಅಂದರು ಬಸವಣ್ಣನವರು. ಎರಡು ಮನೆಯ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು. ಅಷ್ಟು ಹಳೆಯ ಜಗಳ ಮುಗಿಯುವಾಗ ಅಡ್ಡ ನಿಲ್ಲಲು ನಾನ್ಯಾರು ಎಂದು ನನ್ನ ಹೇಡಿತನಕ್ಕೆ ಒಂದು ಒಳ್ಳೆಯ ಅಂಗಿ ತೊಡಿಸಿದೆ.

ಸಮಾರಂಭದ ದಿನ ಚಿತ್ರದ ಪರದೆ ಸರಿಸಿದರೆ, ಗುರುಮಲ್ಲಪ್ಪನವರ ಹೆಗಲ ಹಿಂದೆ, ದೂರದಲ್ಲಿ, ಬೆರಳಷ್ಟು ದೊಡ್ಡದೊಂದು ಬಿಳಿ ಕುದುರೆ. ಒಂದು ಕಿವಿ ಹರಿದಿತ್ತು. ಆರ್ಮುಗಂ ಯಾರನ್ನೂ ಕೇಳದೆ ಸೇರಿಸಿಬಿಟ್ಟಿದ್ದರು. ಮುಖ್ಯ ಅತಿಥಿಗಳು ಕನ್ನಡಕ ಸರಿಮಾಡಿಕೊಂಡು, "ಈ ಕುದುರೆಯ ವಿಶೇಷವೇನು?" ಎಂದು ನನ್ನನ್ನೇ ಕೇಳಿದರು. ಹೆಂಗಸರ ಸಾಲಿನ ಕೊನೆಯಲ್ಲಿ ಸಿದ್ದಮ್ಮನವರು ಕೂತಿದ್ದರು. ಮಾದಪ್ಪ, ಬಸವಣ್ಣ ಒಂದೇ ಬೆಂಚಿನಲ್ಲಿದ್ದರು.

"ಅದು ಅವರ ವಾಹನ ಸರ್," ಅಂದೆ. ಆಮೇಲೆ, ಜನರ ಹಿತಕ್ಕಾಗಿ ರಸ್ತೆಯನ್ನು ತಿರುಗಿಸಿದ ದೂರದೃಷ್ಟಿ ಎಂದು ಏರುಧ್ವನಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು.

ಮರುದಿನ ನೇಕಾರರ ಬೀದಿಗೆ ಹೋದೆ. ಸಿದ್ದಮ್ಮನವರು ಬೆಲ್ಲದ ಕಾಫಿ ಕೊಟ್ಟರು. ತಪ್ಪಾಯಿತು ಅನ್ನಲು ಹೊರಟೆ. "ಇರ್ಲಿ ಬುಡಿ ಸಾ, ಅಷ್ಟ್ ಜನ ಕುಂತಿದ್ರು. ಕುದುರೆ ಮಾತ್ರ ಅಂಗೇ ಅದೆ" ಅಂದರು. ಏನಾದರೂ ಮಾತಾಡಬೇಕಲ್ಲ ಎಂದು ಅವರ ತಾಯಿಯ ಹೆಸರು ಕೇಳಿದೆ. ಅವರು ಲೋಟ ಕೆಳಗಿಟ್ಟರು. "ನಮ್ಮವ್ವನ ಎಸ್ರ ಇಷ್ಟ್ ವರ್ಸದಲ್ಲಿ ಯಾರೂ ಕೇಳಿರ್ನಿಲ್ಲ," ಎಂದು ಹೇಳಿ, ಆಮೇಲೆ ಹೆಸರು ಹೇಳಿದರು.

ಎಪ್ಪತ್ತರ ದಶಕದಲ್ಲಿ ರಸ್ತೆಯನ್ನು ನೆಟ್ಟಗೆ ಮಾಡಿದರು. ಆ ಹೊತ್ತಿಗೆ ಸಿದ್ದಮ್ಮನವರಿರಲಿಲ್ಲ. ಬಸ್ಸುಗಳು ಅವರ ಬಾಗಿಲ ಮುಂದೆಯೇ ಹೋಗತೊಡಗಿದವು. ಧೂಳು ಒಳಗೆ ಬರುತ್ತದೆಂದು ಆ ಮನೆಯವರು ಬಾಗಿಲು ಹಾಕಿಕೊಂಡೇ ಇರುತ್ತಿದ್ದರು.

ಈಗ ನನಗೂ ಆ ಅಜ್ಜಿಯ ವಯಸ್ಸಾಯಿತು. ಸಭೆಗಳಿಗೆ ಯಾರೂ ಕರೆಯುವುದಿಲ್ಲವಾದ್ದರಿಂದ ಯಾರಿಗೂ ಹೆದರಬೇಕಾಗಿಲ್ಲ. ಬೆಳಗಿನಿಂದ ಕೂತು ಆ ಜೀವನಚರಿತ್ರೆಯನ್ನು ಮತ್ತೆ ಬರೆಯುತ್ತಿದ್ದೇನೆ. ಮೊದಲ ಸಾಲು ಮುಗಿದಿದೆ, ಹೀಗೆ: ಗುರುಮಲ್ಲಪ್ಪನವರಿಗೆ ಚೆನ್ನಾಜಮ್ಮ ಎಂಬ ಮಗಳಿದ್ದರು.