ಮಂಚದ ಕೆಳಗಿನ ಸೋರೆಕಾಯಿ

ಹೋದ ರವಿವಾರ ತುಂಬಿದ ಸಭೆಯ ಮುಂದೆ ನನ್ನ ಮೊಮ್ಮಗಳು ನನ್ನ ಕಳ್ಳತನ ಬಯಲು ಮಾಡಿದಳು. ಜನ ಹೊಳ್ಳಿ ಹೊಳ್ಳಿ ನನ್ನ ಮುಖ ನೋಡಿ ನಕ್ಕರು. ನಾಚಿಕೆ ಆಗಬೇಕಿತ್ತು, ಹೌದಲ್ಲರೀ? ನನಗೋ ಎದ್ದು ಕುಣಿಯಬೇಕು ಅನಿಸಿತು! (ಮೊಣಕಾಲು ಬಿಡಲಿಲ್ಲ, ಅದು ಬೇರೆ ಮಾತು.)

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ವಾರಾವಾರ ನನ್ನ ಬರವಣಿಗೆ ಸಹಿಸಿಕೊಳ್ಳುತ್ತೀರಿ. ಈ ವಾರ ಸ್ವಲ್ಪ ಹೆಚ್ಚು ಸಹಿಸಿಕೊಳ್ಳಿ. ಸಂತೋಷ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ.

ಸುಗ್ಗಿ ಹಬ್ಬದಿಂದ ಶುರು ಮಾಡುತ್ತೇನೆ. ನಾವು ಧಾರವಾಡ ಕಡೆಯ ಕ್ರೈಸ್ತರು. ವರ್ಷಕ್ಕೊಮ್ಮೆ ಬೆಳೆದ ಮೊದಲ ಫಲ ಚರ್ಚಿಗೆ ಒಯ್ದು, ಆಲ್ಟರ್ ಪೀಠದ ಮುಂದೆ ಇಟ್ಟು, ದೇವರಿಗೆ ಸ್ತೋತ್ರ ಹೇಳುತ್ತೇವೆ. ಇದ್ದದ್ದರಲ್ಲಿ ಛಲೋದನ್ನೇ ಒಯ್ಯಬೇಕು. ಹುಳ ಕಂಡದ್ದು, ಕಲೆ ಬಿದ್ದದ್ದು ನಡೆಯೋದಿಲ್ಲ. ಆದರೆ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ಮರಾಠಿ ಸೀಮೆಯ ಪಿಂಪ್ರಿಯ ಎರಡು ಕೋಣೆಯ ಮನೆಗೆ ಹೊಲ ಎಲ್ಲಿಂದ ಬರಬೇಕು? ಮಾರ್ಕೆಟ್‌ನಿಂದ ಕಬ್ಬು, ಬಾಳೆಹಣ್ಣು ತಂದು ಕ್ಯಾಂಪ್ ಏರಿಯಾದ ನಮ್ಮ ಕನ್ನಡ ಚರ್ಚಿಗೆ ಒಯ್ಯುತ್ತಿದ್ದೆವು. ದೇವರು ಅದರಲ್ಲೇ ಸುಧಾರಿಸಿಕೊಳ್ಳುತ್ತಿದ್ದ.

ತೊಂಬತ್ತರ ದಶಕದ ನಡುವಿನ, ಅಂದರೆ ಹನ್ನೆರಡು ವರ್ಷದ ಹಿಂದಿನ, ಒಂದು ವರ್ಷ ಮಾತ್ರ ನಮ್ಮ ಮನೆಯಲ್ಲೂ ಬೆಳೆ ಬಂತು! ನನ್ನ ಮಗನ ಮಗಳು ಕೃಪಾ, ಆಗ ಏಳು ವರ್ಷದವಳು, ಎಣ್ಣೆ ಡಬ್ಬಿಯಲ್ಲಿ ಸೋರೆ ಬೀಜ ಹಾಕಿದ್ದಳು. ಬಳ್ಳಿ ಕಿಟಕಿಯ ಸರಳು ಹಿಡಿದು ಏರಿತು. ಬಿಟ್ಟದ್ದು ಒಂದೇ ಕಾಯಿ. ಅದೂ ಎಳೆಯದಿದ್ದಾಗ ಸರಳಿನ ಸಂದಿಯಲ್ಲಿ ಸಿಕ್ಕು, ಬೆಳೆಯುತ್ತಾ ಬೆಳೆಯುತ್ತಾ ಕುಡುಗೋಲಿನಂತೆ ಬಾಗಿತು. ದಿನಾ ಸಾಲಿಯಿಂದ ಬಂದವಳೇ ಅದರ ಮೈ ಸವರಿ, "ಅಜ್ಜಾ, ಇದು ದೇವರಿಗೆ" ಅನ್ನುವಳು. (ಈಗ ಆ ಕಿಟಕಿಯೂ ಇಲ್ಲ, ಕೋಣೆಯೂ ಇಲ್ಲ. ಅಲ್ಲಿ ದೊಡ್ಡ ಬಿಲ್ಡಿಂಗ್ ಎದ್ದಿದೆ. ಆ ಕಡೆ ಹೋದಾಗಲೆಲ್ಲ ನನ್ನ ಕಣ್ಣು ಬಳ್ಳಿ ಹುಡುಕುತ್ತದೆ.)

ಕೃಪಾಳ ಎಡಗಾಲು ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ಪ್ಲಾಸ್ಟರ್ ಮೇಲೆ ಪ್ಲಾಸ್ಟರ್, ಆಮೇಲೆ ಆಪರೇಷನ್, ಆಮೇಲೆ ದಪ್ಪ ಬೂಟು. ನಡೆದಾಡಿದಳು, ಕುಂಟು ಮಾತ್ರ ಹೋಗಲಿಲ್ಲ. "ಯಾರ ಪಾಪಾನೋ ಏನೋ" ಅಂದವರು ನಮ್ಮವರೊಳಗೇ ಇದ್ದರು. (ಈಗ ಅವರಿಗೂ ಸೊಂಟ ನೋವು. ಯಾರ ಪಾಪ ಅಂತ ನಾನು ಕೇಳಿಲ್ಲ.)

ನಾನು ಕಾರ್ಖಾನೆಯ ಚೆಕಿಂಗ್ ಸೆಕ್ಷನ್‌ನವ. ಕೈಯಲ್ಲಿ ಅಳತೆಯ ಗೇಜು. ನೆಟ್ಟಗಿದ್ದ ಪಾರ್ಟು ಮುಂದೆ ಹೋಗಬೇಕು, ಕೂದಲೆಳೆಯಷ್ಟು ಸೊಟ್ಟ ಇದ್ದರೂ ಕೆಂಪು ಬಣ್ಣ ಬಳಿದು ರಿಜೆಕ್ಟ್ ಡಬ್ಬಿಗೆ ಎಸೆಯಬೇಕು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕಣ್ಣು ಮನೆಗೆ ಬಂದರೆ ಬದಲಾಗುತ್ತದೇನು?

ಹಬ್ಬದ ಹಿಂದಿನ ದಿನ ಕೃಪಾ ಕಾಯಿ ಕೊಯ್ದು ಬುಟ್ಟಿಯಲ್ಲಿಟ್ಟಿದ್ದಳು. ನೋಡಿದೆ. ದೇವರ ಮುಂದೆ ಇದಾ? ಸುಮ್ಮನೆ ಮಾರ್ಕೆಟಿಗೆ ಹೋಗಿ ಕೋಲಿನಂತೆ ನೆಟ್ಟಗಿದ್ದ ಸೋರೆಕಾಯಿ ತಂದು ಬುಟ್ಟಿಗೆ ಹಾಕಿದೆ. ಅವಳದನ್ನು ಗೋಣಿಚೀಲ ಮುಚ್ಚಿ ಮಂಚದ ಕೆಳಗೆ ತಳ್ಳಿದೆ.

ಅವಳ ಬೂಟೂ ಅಲ್ಲೇ ಇರುತ್ತಿತ್ತು. ಅದು ನೆನಪಾಗಲಿಲ್ಲ ನೋಡ್ರಿ.

ಬೆಳಿಗ್ಗೆ ಬೂಟಿಗೆ ಬಗ್ಗಿದವಳು ಚೀಲ ಎಳೆದಳು. ಕಾಯಿ ನೋಡಿದಳು. ಬುಟ್ಟಿ ನೋಡಿದಳು. ನನ್ನನ್ನು ನೋಡಿದಳು.

"ಅಜ್ಜಾ, ದೇವರು ಸೊಟ್ಟದ್ದು ತಗೊಳ್ಳಂಗಿಲ್ಲೇನು?"

"ಹಂಗಲ್ಲವ್ವಾ, ಛಲೋದು ಒಯ್ಬೇಕು ಅಂತ..."

"ಹಂಗಾದ್ರ ನನ್ನೂ ಇಲ್ಲೇ ಇಟ್ಟು ಹೋಗು."

ಅಂದವಳೇ ಕಾಯಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಬರಿಗಾಲು. ಒಳಗೆ ತಿರುಗಿದ ಪಾದ ನನ್ನ ಕಡೆಗೇ ನೋಡುತ್ತಿತ್ತು.

ಅಡುಗೆಮನೆಯಿಂದ ನಮ್ಮ ಮನೆಯಾಕೆ: "ಕಾರ್ಖಾನಿ ಬುದ್ಧಿ ಕಾರ್ಖಾನ್ಯಾಗ ಬಿಟ್ಟು ಬರ್ರಿ ಅಂತ ಎಷ್ಟ ಸಲ ಹೇಳೇನಿ?"

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. "ದೇವರು ಎಲ್ಲಾ ಮಾಡಿ, ನೋಡಿ, ಭಾಳ ಛಲೋ ಆಗೇದ ಅಂದನವ್ವಾ" ಅಂದೆ.

"ನನ್ನ ಕಾಲು ನೋಡಿನೂ ಅಂದನೇನು?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ನಿನ್ನ ಕಾಲು ಯಾಕ ಹಿಂಗಾತು, ನನಗ ಗೊತ್ತಿಲ್ಲವ್ವಾ. ಯಾರ ಪಾಪಾನೂ ಅಲ್ಲ, ಅಷ್ಟು ಗೊತ್ತದ. ಇನ್ನೊಂದು ಗೊತ್ತದ. ನಮ್ಮ ಸ್ವಾಮಿನ್ನೂ ಜನ ರಿಜೆಕ್ಟ್ ಮಾಡಿದ್ರು. ಶಿಲುಬಿಗೆ ಹಾಕಿದ್ರು. ಮೂರನೇ ದಿನ ಎದ್ದು ಬಂದ. ಸಾವನ್ನ ಗೆದ್ದವಗ ಕೈಯಾಗಿನ ಮೊಳಿ ಗುರುತು ಅಳಿಸ್ಕೊಳ್ಳೋದು ಏನ್ ದೊಡ್ಡದಿತ್ತು? ಅಳಿಸ್ಕೊಳ್ಳಲಿಲ್ಲ. ಆ ಗಾಯ ತೋರಿಸೇ ಶಿಷ್ಯರಿಗೆ 'ನಾನ ಅವ' ಅಂದ. ಆ ಗಾಯದ ಕೈಲೇ ಸ್ವರ್ಗಕ್ಕ ಹೋದ."

ಅಷ್ಟು ವರ್ಷ ಚರ್ಚಿನ ಬೆಂಚು ಸವೆಸಿದ್ದೆ. ಇದನ್ನು ನಾನು ನಂಬಿದ್ದೇನೆ ಅನ್ನೋದು ಅವತ್ತು ಆ ನೆಲದ ಮೇಲೆ ಕೂತಾಗ ನನಗೇ ಗೊತ್ತಾಯಿತು.

ಕೃಪಾ ವಿಚಾರ ಮಾಡಿದಳು. "ಆ ಗಾಯ ಇನ್ನೂ ನೋಯ್ತಾವೇನು ಅವಗ?"

"ಅದೂ ಗೊತ್ತಿಲ್ಲ."

"ನಿನಗ ಏನೂ ಗೊತ್ತಿಲ್ಲ ಬಿಡು" ಅಂದು, ಬೂಟು ಏರಿಸಿ, ತನ್ನ ಕಾಯಿ ಎತ್ತಿಕೊಂಡಳು.

ಲೋಕಲ್‌ ಟ್ರೇನಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎದುರು ಕೂತ ಮರಾಠಿ ಹೆಣ್ಣುಮಗಳೊಬ್ಬರು ನಗುತ್ತಾ, ಸವಾರಿ ಎಲ್ಲಿಗೆ ಅಂತ ಕೇಳಿದರು. "ಚರ್ಚಲಾ!" ಅಂದಳು ನಮ್ಮ ಹುಡುಗಿ, ಇಡೀ ಡಬ್ಬಿಗೆ ಕೇಳಿಸುವಂತೆ.

ಚರ್ಚಿನಲ್ಲಿ ಯಾರೋ ಅದನ್ನು ಕಬ್ಬಿನ ಹಿಂದೆ ಸರಿಸಿದರು. (ಚೆಕಿಂಗ್ ಸೆಕ್ಷನ್ ಎಲ್ಲಾ ಕಡೆ ಇರುತ್ತದಲ್ಲ!) ಕೃಪಾ ಎದ್ದಳು. ಎಲ್ಲರ ಕಣ್ಣ ಮುಂದೆ ಕುಂಟುತ್ತಾ ಹೋಗಿ ಅದನ್ನು ಮುಂದಕ್ಕೆ ತಂದಿಟ್ಟಳು. ಪಾಸ್ಟರ್ ಅಯ್ಯನವರು ಎದ್ದು ಬಂದರು. ದೊಡ್ಡ ಕುಂಬಳಕಾಯಿಯೊಂದನ್ನು ತಾವೇ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ನನ್ನ ನೆಟ್ಟಗಿನ ಕಾಯಿ? ಮೂರು ದಿನ ಮನೆಯಲ್ಲಿ ಅದರದೇ ಪಲ್ಯ. ಜೊತೆಗೆ ಮನೆಯಾಕೆಯ ಚುಚ್ಚುಮಾತು ಉಚಿತ.

ಇಷ್ಟೆಲ್ಲ ಅವಳಿಗೆ ಮರೆತೇಹೋಗಿದೆ ಅಂದುಕೊಂಡಿದ್ದೆ. ಹೋದ ರವಿವಾರ ಮತ್ತೆ ಸುಗ್ಗಿ ಹಬ್ಬ. ಹತ್ತೊಂಬತ್ತರ ಕೃಪಾ, ಈ ವರ್ಷವೇ ಸಂಡೇ ಸ್ಕೂಲ್ ಟೀಚರ್ ಆದವಳು, ಮಕ್ಕಳನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳಲು ನಿಂತಳು. ಸೃಷ್ಟಿಯ ಕತೆ ಹೇಳುತ್ತಾಳೆ ಅಂದುಕೊಂಡರೆ ನನ್ನ ಕತೆ ಹೇಳಿದಳು! ಮಾರ್ಕೆಟ್ಟು, ಗೋಣಿಚೀಲ, ಒಂದನ್ನೂ ಬಿಡಲಿಲ್ಲ.

"ಮಳಿಗಾಲದಾಗ ನನ್ನ ಕಾಲು ಇನ್ನೂ ನೋಯ್ತದ" ಅಂದಳು. "ಯಾಕಂತ ನಮ್ಮ ಅಜ್ಜಗ ಇನ್ನೂ ಗೊತ್ತಾಗಿಲ್ಲ."

ಸಭೆ ನಕ್ಕಿತು.

"ಆದ್ರ ನಾ ಮಂಚದ ಕೆಳಗ ಇಲ್ಲ. ಇಲ್ಲಿ ನಿಂತೇನಿ."

ನನಗೆ ಕಣ್ಣು ಕಾಣಲಿಲ್ಲ. ಮನೆಯಾಕೆ ಸೆರಗು ಕೊಟ್ಟು ಕಿವಿಯಲ್ಲಿ, "ಈಗ ಹಚ್ರಿ ನೋಡೋಣ ಕೆಂಪು ಬಣ್ಣ" ಅಂದಳು.

ಅಲ್ಲಾ, ದೇವರ ಮುಂದೆ ಹೋಗುವಾಗ ನೀವು ಮಂಚದ ಕೆಳಗೆ ಏನು ಮುಚ್ಚಿಟ್ಟು ಹೋಗುತ್ತೀರಿ, ಒಮ್ಮೆ ಬಗ್ಗಿ ನೋಡೀರೇನ್ರೀ?