ಮಾವನವರ ಕಂಪ್ಯೂಟರಿನ ಮೊದಲ ಸಾಲು

ಬೈರಿದೇವರಕೊಪ್ಪದ ನನ್ನ ಮಾವನವರ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲ ಬಿಸಿ ರೊಟ್ಟಿ ಬೀಳುವುದು ಹಿರಿಯ ಅಳಿಯನ ತಾಟಿಗೆ. ಆ ಹಿರಿಯ ಅಳಿಯ ನಾನು. ಎರಡನೆಯದು ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ. ಎಷ್ಟೋ ವರ್ಷ ಈ ಕ್ರಮ ತಪ್ಪಿರಲಿಲ್ಲ. ತಪ್ಪಿದ್ದು ಅಡುಗೆಮನೆಯಲ್ಲಲ್ಲ, ಪಡಸಾಲೆಯ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರನ್ನು ತಂದು ಕೂಡಿಸಿ, ವಿಂಡೋಸ್ ಹಾಕಿ, ಮಾವನವರಿಗೆ ಮೌಸ್ ಹಿಡಿಯಲು ಕಲಿಸಿದವನು ನಾನು. ಅವರು ಹತ್ತಿ ಪೇಟೆಯಲ್ಲಿ ಆಯುಷ್ಯ ಕಳೆದವರು. ಅರಿವೆಯ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲದ ಪೇಟೆಯ ಮಾತುಗಳು ತಮ್ಮೊಂದಿಗೇ ಹೋಗಬಾರದೆಂದು ಅದರಲ್ಲಿ ಒಂದೊಂದಾಗಿ ಬರೆದಿಡುತ್ತಿದ್ದರು. ಯಂತ್ರ ನಿಧಾನವಾಯಿತೆಂದು ಅವರು ಗೊಣಗಿದ್ದೇ ತಡ, ಷಡ್ಡಕ ಬಂದು ನನ್ನ ವಿಂಡೋಸಿನ ಪಕ್ಕದಲ್ಲಿಯೇ ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆ ಹಾಕಿ, ಅವರು ಬರೆದದ್ದನ್ನೆಲ್ಲ ಅದರೊಳಗೆ ಸರಿಸಿಕೊಟ್ಟ. ಅಂದಿನಿಂದ ಗುಂಡಿ ಒತ್ತಿದರೆ ಒಂದು ಪಟ್ಟಿ ಮೂಡುತ್ತಿತ್ತು. ಎರಡರಲ್ಲಿ ಯಾವುದನ್ನು ತೆರೆಯಲಿ ಎಂದು ಕೇಳುವ ಬೂಟ್‌ಲೋಡರಿನ ಪಟ್ಟಿ. ಮೇಲಿನ ಸಾಲು ಅವನದು. ಕಟ್ಟಕಡೆಗೆ, ಕರೆಯದೆ ಬಂದವರು ಪಂಕ್ತಿಯ ತುದಿಗೆ ಕೂತಂತೆ, ನನ್ನ ವಿಂಡೋಸ್. ಹತ್ತು ಸೆಕೆಂಡ್ ಯಾರೂ ಏನೂ ಒತ್ತದಿದ್ದರೆ ಅವನದೇ ತೆರೆದುಕೊಳ್ಳುತ್ತಿತ್ತು.

“ಸಣ್ಣ ಅಳಿಯಂದ್ರು ಹಾಕ್ಯಾರಲ್ಲ, ಅದು ಭಾಳ ಛಲೋ ಐತಿ ನೋಡ್ರಿ. ಲಗೂ ಚಾಲೂ ಆಕ್ಕೈತಿ, ಕನ್ನಡಾನೂ ಚಂದ ಬರ್ತೈತಿ,” ಅನ್ನುತ್ತಿದ್ದರು ಮಾವ, ನನ್ನ ಮುಂದೆಯೇ.

“ಹೌದ್ರಿ ಮಾವಾರ,” ಅನ್ನುತ್ತಿದ್ದೆ. ಹೊಟ್ಟೆಕಿಚ್ಚು ಒಲೆ ಇದ್ದ ಹಾಗೆ, ಮೊದಲು ತನ್ನ ಮನೆಯ ಗೋಡೆಯನ್ನೇ ಕಪ್ಪು ಮಾಡುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಮಾತು ನೆನಪಿಗೆ ಬಂತು, ಉಪಯೋಗಕ್ಕೆ ಬರಲಿಲ್ಲ.

ಒಂದು ರವಿವಾರ, ವಿಂಡೋಸ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಅದನ್ನು ಹೊಸದಾಗಿ ಹಾಕಿದೆ. ಹಾಗೆ ಹಾಕಿದರೆ ಅದು ಇದ್ದ ಬೂಟ್‌ಲೋಡರನ್ನು ಸರಿಸಿ, ಬಾಗಿಲಲ್ಲಿ ತಾನೇ ಕೂತುಬಿಡುತ್ತದೆ. ಗೊತ್ತಿದ್ದೇ ಮಾಡಿದೆ. ಪಟ್ಟಿ ಮಾಯವಾಯಿತು. ಯಂತ್ರ ಸೀದಾ ವಿಂಡೋಸಿಗೆ ಹೋಯಿತು. ಅತ್ತೆ ಕೊಟ್ಟ ಚಹಾ ಅಂದು ವಿಪರೀತ ರುಚಿಯಾಗಿತ್ತು.

ಮಾವ ಬಂದು ಕೂತು, ಚಸ್ಮಾ ಏರಿಸಿ, ಪರದೆಯನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದರು.

“ನನ್ನ ಮಾತೆಲ್ಲಾ ಎಲ್ಲಿ ಹೋದುವ್ರಿ?”

ಅವರು ಬರೆದದ್ದೆಲ್ಲ ಷಡ್ಡಕನ ಲಿನಕ್ಸಿನಲ್ಲಿಯೇ ಇತ್ತು. ಅಳಿಸಿರಲಿಲ್ಲ, ಅಲ್ಲಿಗೆ ಹೋಗುವ ದಾರಿ ಮುಚ್ಚಿತ್ತು ಅಷ್ಟೆ. ಅದನ್ನು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅವರು ಬೆರಳು ಮಡಚುತ್ತ ಒಂದೊಂದೇ ಮಾತು ನೆನೆಯತೊಡಗಿದ್ದರು. “ಅಂಡಿಗಿ, ಅಂದ್ರ ಹತ್ತಿ ಮೂಟಿ... ಅರಳಿ, ಅಂದ್ರ ಬೀಜ ತಗದ ಹತ್ತಿ...” ಮೂರನೆಯ ಬೆರಳಿಗೆ ನಿಂತುಬಿಟ್ಟರು. “ಮುಂದ?” ಎಂದು ನನ್ನನ್ನೇ ಕೇಳಿದರು.

“ಎಲ್ಲೂ ಹೋಗಿಲ್ರಿ ಮಾವಾರ, ಒಳಗ ಅದಾವ. ದಾರಿ ಮುಚ್ಚೇತಿ, ತಗದು ಕೊಡ್ತೇನಿ,” ಅಂದೆ. ಮುಚ್ಚಿದವನು ಯಾರೆಂದು ಹೇಳಲಿಲ್ಲ.

ಷಡ್ಡಕನಿಗೆ ಫೋನ್ ಮಾಡಿದ್ದರೆ ಸ್ವಲ್ಪ ಹೊತ್ತಿನ ಕೆಲಸ. ಮಾಡಲಿಲ್ಲ. ಮೊಬೈಲಿನಲ್ಲಿ ಓದುತ್ತ, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಹಳೆಯ ಬೂಟ್‌ಲೋಡರನ್ನು ಮತ್ತೆ ಕೂಡಿಸಿದೆ. ಮಾವ ಅಷ್ಟೂ ಹೊತ್ತು ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ಪಟ್ಟಿ ಮೂಡಿತು. ಯಾರನ್ನು ಮೊದಲು ಕೂಡಿಸಬೇಕೆಂಬುದು ಈಗ ನನ್ನ ಕೈಯಲ್ಲಿತ್ತು. ಮಾವನವರ ಮುಖ ನೋಡಿ ಷಡ್ಡಕನ ಲಿನಕ್ಸನ್ನೇ ಕೂಡಿಸಿದೆ. ಆದರೆ ಪಟ್ಟಿ ಕಾಯುವ ಹತ್ತು ಸೆಕೆಂಡನ್ನು ಮೂವತ್ತು ಮಾಡಿದೆ. ದಿನಾ ಅಷ್ಟು ಹೊತ್ತಾದರೂ ನನ್ನ ವಿಂಡೋಸ್ ಅವರ ಕಣ್ಣಿಗೆ ಬೀಳಲಿ ಎಂದು.

ಮುಂದಿನ ಹಬ್ಬಕ್ಕೆ ಷಡ್ಡಕ, ನಾನು ಪಕ್ಕಪಕ್ಕ ಊಟಕ್ಕೆ ಕೂತೆವು. ಮೊದಲ ರೊಟ್ಟಿ ನನ್ನ ತಾಟಿಗೆ ಬಿತ್ತು. ಅವನು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ, “ಅಣ್ಣಾರ, ಮೂವತ್ತು ಸೆಕೆಂಡ್ ಭಾಳ ಆತ್ರಿ. ಮಾವಾರು ಕಾಯ್ದು ಕಾಯ್ದು ಬ್ಯಾಸತ್ತಾರ. ಹದಿನೈದು ಮಾಡೂಣೇನ್ರಿ?” ಅಂದ.

ನಾನು ರೊಟ್ಟಿಯನ್ನು ಎರಡು ಮಾಡಿ, ಅರ್ಧ ಅವನ ತಾಟಿಗೆ ಹಾಕಿ, “ಇಪ್ಪತ್ತು,” ಅಂದೆ.