ಟೈರಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ವಿಭೂತಿಗಟ್ಟಿ ಇದೆ. ಸ್ನಾನವಾದ ಮೇಲೆ ಒದ್ದೆಗೈಯಿಂದ ಅದನ್ನು ತಿಕ್ಕಿ ಹಣೆಗೆ ಮೂರು ಬೆರಳು ಎಳೆದುಕೊಂಡರೆ ನನ್ನ ದಿನ ಶುರು. ಅದೇ ಗಟ್ಟಿ ಒಂದು ದಿನ ನನ್ನ ಕಾರಿನ ಬಣ್ಣವನ್ನೂ ಬಯಲು ಮಾಡೀತೆಂದು ಯಾರಾದರೂ ಹೇಳಿದ್ದರೆ, ಹಿಂದವಾಡಿಯ ಇಡೀ ಓಣಿಗೆ ಕೇಳುವಂತೆ ನಕ್ಕುಬಿಡುತ್ತಿದ್ದೆ.

ನನ್ನ ಕಾರು, ಗೆಳೆಯರೇ, ಓಡುವುದಕ್ಕಿಂತ ನಿಲ್ಲುವುದರಲ್ಲಿ ಪಳಗಿದ್ದು. ನೆಂಟರನ್ನು ಕಳಿಸಲು ಸಾಂಬ್ರಾದ ವಿಮಾನ ನಿಲ್ದಾಣಕ್ಕೆ, ಮದುವೆಯಿದ್ದರೆ ಅನಗೋಳಕ್ಕೆ. ಉಳಿದಂತೆ ಗೇಟಿನೆದುರು ಬಿಸಿಲಿನಲ್ಲಿ ಅಖಂಡ ತಪಸ್ಸು. ಹೀಗಾಗಿ ಟೈರುಗಳ ಕಚ್ಚು ಸವೆದಿರಲೇ ಇಲ್ಲ. ಬಂದವರೆದುರು ಆ ಕಚ್ಚಿನೊಳಗೆ ನಾಣ್ಯ ತೂರಿಸಿ, ಅದು ಮುಳುಗುವುದನ್ನು ತೋರಿಸಿ ಬೀಗುತ್ತಿದ್ದೆ. ಸವೆಯದ್ದಕ್ಕೆ ಮುಪ್ಪಿಲ್ಲ ಎಂಬುದು ನಾನೇ ಬರೆದ ಶಾಸ್ತ್ರ. ನಿವೃತ್ತನಾದ ಮೇಲೆ ಅದನ್ನು ನನಗೂ ಅನ್ವಯಿಸಿಕೊಂಡು ಸುಖವಾಗಿದ್ದೆ.

ಈ ಸಲ ದಸರೆಯ ಮರುದಿನ ಖಾನಾಪುರಕ್ಕೆ ಹೋಗಿ, ಮಗಳು ನೀಲಾಳನ್ನು ಚೊಚ್ಚಲ ಹೆರಿಗೆಗೆ ಕರೆತರುವುದಿತ್ತು.

"ಟಾಯರ ಒಮ್ಮೆ ತೋರಿಸ್ಕೊಂಡ ಬರ್ರಿ. ತುಂಬಿದ ಬಸರಿ ಕೂಡಾಕಿ ಅದಾಳ," ಎಂದಳು ಹೆಂಡತಿ ಗೌರಿ.

"ಹೊಸಾವ ಇದ್ದಂಗ ಅದಾವ, ಸುಮ್ನಿರು," ಎಂದೆ. ನಾಣ್ಯವನ್ನೂ ತೋರಿಸಿದೆ.

ಅವಳು ನಾಣ್ಯ ನೋಡಲಿಲ್ಲ, ನನ್ನ ಮುಖ ನೋಡಿದಳು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಬಂತು. ಪ್ರತಿ ವರ್ಷ ನಾನು ಮೊದಲು ಟೈರಿಗೆ ಪಾಲಿಶು ಬಳಿದು ಕರ್ರಗೆ ಮಿಂಚಿಸುತ್ತಿದ್ದೆ, ಆಮೇಲೆ ಗೌರಿಯ ಪೂಜೆ. ಈ ಸಲ ಅವಳಿಗೆ ಎಂಥ ಅವಸರವೋ, ನಾನು ಡಬ್ಬಿ ಹುಡುಕುತ್ತಿರುವಾಗಲೇ, ತೊಳೆದಿಟ್ಟ ಟೈರುಗಳ ಪಕ್ಕೆಗೆಲ್ಲ ಕೈತುಂಬ ವಿಭೂತಿ ಬಳಿದು, ಕಣ್ಣುಮುಚ್ಚಿ ಮಗಳ ಹೆಸರು ಹೇಳಿ ನಿಂತಿದ್ದಳು. ಅವಳು ಒಳಗೆ ಹೋದದ್ದೇ ತಡ, ಅಂದಗೆಟ್ಟಿತಲ್ಲ ಎಂದು ಗೊಣಗುತ್ತ ನಾನು ಒದ್ದೆ ಬಟ್ಟೆಯಿಂದ ಒರೆಸತೊಡಗಿದೆ. ಮೇಲಿನ ಬಿಳುಪು ಹೋಯಿತು. ಆದರೆ ಟೈರಿನ ಸುತ್ತಲೂ, ಒಣಗಿದ ರೊಟ್ಟಿಯ ಅಂಚಿನಂತೆ, ಸಣ್ಣ ಸಣ್ಣ ಬಿರುಕುಗಳು ವಿಭೂತಿ ತುಂಬಿಕೊಂಡು ಬೆಳ್ಳಗೆ ಎದ್ದು ಕಂಡವು. ಎಷ್ಟು ಉಜ್ಜಿದರೂ ಹೋಗಲೊಲ್ಲವು! ಉಗುರಿನಿಂದ ಒತ್ತಿದೆ. ರಬ್ಬರು ಕಟ್ಟಿಗೆಯಾಗಿತ್ತು.

ಕಣ್ಣೆದುರು ಬಂದೇಬಿಟ್ಟಿತು: ಖಾನಾಪುರದ ರಸ್ತೆ, ಭರ್ರೆಂದು ಬಾಜೂಕ ಹಾಯುವ ಲಾರಿಗಳು, ಹಿಂದಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ನೀಲಾ, ಆಗ ಢಂ ಎಂದು ಒಂದು ಸದ್ದು. ಬಟ್ಟೆ ಬಿಸಾಕಿ ಉಳಿದ ಮೂರೂ ಟೈರು ಬಗ್ಗಿ ನೋಡಿದೆ. ಖರೇ ಹೇಳುತ್ತೇನೆ, ಅವೂ ಹಾಗೆಯೇ. ಓಡಿದ್ದಕ್ಕೆ ಸವೆತ ಹೇಗೋ ನಿಂತದ್ದಕ್ಕೆ ಒಣಗುವಿಕೆಯೂ ಹಾಗೆಯೇ. ನಾನು ಮಾತ್ರ ಆ ಎರಡನೆಯದರ ಮೇಲೆ ವರ್ಷಾ ವರ್ಷಾ ಪಾಲಿಶು ಹಚ್ಚಿ, ಹೂಮಾಲೆ ಹಾಕಿ, ಕೈಮುಗಿದು ಬಂದಿದ್ದೆ.

ಮರುದಿನ ಊರೆಲ್ಲ ಬನ್ನಿ ಹಂಚುತ್ತಿದ್ದಾಗ ನಾನು ಟೈರಿನಂಗಡಿಯ ಬಾಗಿಲಲ್ಲಿದ್ದೆ. ಟೈರಿನ ಪಕ್ಕೆಯಲ್ಲೇ ಅದು ಹುಟ್ಟಿದ ವಾರ, ವರ್ಷ ಅಚ್ಚೊತ್ತಿರುತ್ತದೆಂದು ಅಲ್ಲಿ ತಿಳಿಯಿತು. ಪಂಚಾಂಗ ನೋಡದೆ ಹೊಸ್ತಿಲು ದಾಟದ ನಾನು ಈ ಜಾತಕವನ್ನು ಒಮ್ಮೆಯೂ ಬಗ್ಗಿ ಓದಿರಲಿಲ್ಲ. ನಾಲ್ಕೂ ಹೊಸ ಟೈರು ಹಾಕಿಸಿದೆ.

ಖಾನಾಪುರದಿಂದ ಬರುವಾಗ ಕಾರು ಎಷ್ಟು ಸಾವಕಾಶ ನಡೆಸಿದೆನೆಂದರೆ, "ಅಪ್ಪಾ, ಸೈಕಲ್ಲಿನಾಂವ ಮುಂದ ಹೋದ ನೋಡು," ಎಂದು ನೀಲಾ ಹಿಂದಿನಿಂದ ನಗುತ್ತಲೇ ಇದ್ದಳು. ನನ್ನ ಬೆವರು ಮಾತ್ರ ಹಿಂದವಾಡಿಯವರೆಗೂ ಆರಲಿಲ್ಲ.

ಮನೆಯೆದುರು ಇಳಿದವಳೇ ಅವಳು ಸೆರಗಿನಿಂದ ನನ್ನ ಹಣೆ ಒರೆಸಿದಳು. ಮತ್ತೆ ಒರೆಸಿದಳು. "ಅವ್ವಾ, ಇಲ್ನೋಡು, ಅಪ್ಪನ ಹಣಿ ಗೆರಿಯೊಳಗೂ ವಿಭೂತಿ ಕುಂತೈತಿ, ಹೋಗವಲ್ದು."

ಗೌರಿ ಕಾರಿನಿಂದ ಗಂಟು ಇಳಿಸುತ್ತಲೇ ಅಂದಳು: "ಇದನ್ನ ಬದಲಿ ಮಾಡಾಕ ಬರಂಗಿಲ್ಲವ್ವಾ. ಬಿಸಲಾಗ ನಿಂದರಸಬ್ಯಾಡ, ಒಳಗ ಕರಕೊಂಡ ನಡಿ."

ತುಂಬಿದ ಬಸುರಿ ನನ್ನ ಕೈ ಹಿಡಿದುಕೊಂಡಳು. ಅವಳನ್ನು ಜೋಪಾನವಾಗಿ ಕರೆತಂದವನು ನಾನೇ ಎಂಬ ಗತ್ತಿನಲ್ಲೇ ಅವಳ ಹಿಂದೆ ನೆರಳಿಗೆ ನಡೆದೆ. ಗೆರೆಯೊಳಗಿನ ವಿಭೂತಿಯನ್ನು ಒರೆಸಿಕೊಳ್ಳಲಿಲ್ಲ.